ಬೀಗದ ಬೀರುವಿನ ಕಾದಂಬರಿಗಳನ್ನು ಹೊರಗಿಡಿ: ಶಿವಮೊಗ್ಗ ಜಿಲ್ಲೆಯ ಗ್ರಂಥಾಲಯಗಳ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಇವರಿಗೆ,
ಶಿವಮೊಗ್ಗ ಜಿಲ್ಲೆಯ ನಗರ, ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲಧಿಕಾರಿಗಳು, ಪುಸ್ತಕ ಆಯ್ಕೆ ಮಾಡುವವರು, ಗ್ರಂಥಪಾಲಕರು ಹಾಗೂ ಮೇಲ್ವಿಚಾರಕರು

ವಿಷಯ: ಪತ್ತೇದಾರಿ, ಭಯಾನಕ, ವೈಜ್ಞಾನಿಕ, ಐತಿಹಾಸಿಕ ಮತ್ತು ಸಾಂಸಾರಿಕ ಕಾದಂಬರಿಗಳನ್ನು ಓದುಗರ ಕಣ್ಣಿಗೆ ಬೀಳುವಂತೆ ಇಡುವ ಬಗ್ಗೆ

ಮಾನ್ಯರೇ,

ನಮ್ಮ ಜಿಲ್ಲೆಯ ಬಹುತೇಕ ಊರುಗಳ ಗ್ರಂಥಾಲಯಕ್ಕೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋದರೆ ಎರಡು ಗುಂಪು ಕಾಣುತ್ತದೆ. ಪತ್ರಿಕೆಯ ಮೇಜಿನ ಸುತ್ತ ಹಿರಿಯರು. ಒಳಗಿನ ಕೋಣೆಯಲ್ಲಿ ಕೆಪಿಎಸ್‌ಸಿ, ಪೊಲೀಸ್ ನೇಮಕಾತಿ, ಬ್ಯಾಂಕ್ ಪರೀಕ್ಷೆ ಎಂದು ತಮ್ಮದೇ ಪುಸ್ತಕ ತಂದು ಓದುವ ಹುಡುಗ ಹುಡುಗಿಯರು. ಇವರಿಬ್ಬರ ನಡುವೆ ಗೋಡೆಗೆ ಒತ್ತಿಕೊಂಡು ಸ್ಟೀಲ್ ಬೀರುಗಳು ನಿಂತಿರುತ್ತವೆ. ಕಾದಂಬರಿಗಳು ಇರುವುದು ಅಲ್ಲಿ. ಬಾಗಿಲಿಗೆ ಬೀಗ, ಗಾಜಿನ ಹಿಂದೆ ಕಪ್ಪು, ಕಂದು, ಕಡುಗೆಂಪು ರೆಕ್ಸಿನ್ ಬೆನ್ನುಗಳ ಸಾಲು. ಯಾವುದು ಕೊಲೆಯ ಕಥೆ, ಯಾವುದು ಪ್ರೇಮದ್ದು, ಯಾವುದು ರಾಜರ ಕಾಲದ್ದು ಎಂದು ಹೊರಗೆ ನಿಂತವರಿಗೆ ತಿಳಿಯುವ ದಾರಿಯೇ ಇಲ್ಲ. "ಯಾವ ಪುಸ್ತಕ ಬೇಕು ಹೇಳಿ, ತೆಗೆದುಕೊಡ್ತೀನಿ" ಎಂದು ಸಿಬ್ಬಂದಿ ಕೇಳುತ್ತಾರೆ. ಅದು ಸೌಜನ್ಯದ ಮಾತೇ. ಆದರೆ ಜನಪ್ರಿಯ ಕಾದಂಬರಿಯ ಓದುಗರು ಹೆಚ್ಚಾಗಿ ಬರುವುದು ಹೆಸರು ಹಿಡಿದುಕೊಂಡಲ್ಲ. "ಒಂದು ಒಳ್ಳೆ ಕಥೆ ಪುಸ್ತಕ" ಹುಡುಕಿಕೊಂಡು. ಹೆಸರು ಹೇಳಲಾಗದೆ ಅವರು ವಾರಪತ್ರಿಕೆ ತಿರುವಿ ಎದ್ದು ಹೋಗುತ್ತಾರೆ.

ಗ್ರಂಥಾಲಯದ ಕೆಲಸವನ್ನು ಒಳಗಿನಿಂದ ಬಲ್ಲವರೂ ಇಲ್ಲಿಯ ಓದುಗರೂ ಸೇರಿ ಈ ಪತ್ರ ಬರೆದಿದ್ದೇವೆ. ಯಾವ ಒಂದು ಗ್ರಂಥಾಲಯದ ಮೇಲೂ ಇದು ದೂರಲ್ಲ. ಸಿಬ್ಬಂದಿಯ ಮೇಲಂತೂ ಅಲ್ಲವೇ ಅಲ್ಲ; ಒಬ್ಬರೇ ಬಾಗಿಲು ತೆಗೆದು, ಕಸ ಗುಡಿಸಿ, ಪತ್ರಿಕೆ ಜೋಡಿಸಿ, ರಿಜಿಸ್ಟರ್ ಬರೆಯುವ ಪರಿಸ್ಥಿತಿ ನಮಗೆ ಗೊತ್ತಿದೆ. ನಮ್ಮ ತಕರಾರು ಪದ್ಧತಿಯ ಮೇಲೆ. ಪುಸ್ತಕ ಕೊಳ್ಳಲು, ಕಟ್ಟಿಸಲು, ಕಾಯಲು ಪದ್ಧತಿ ಇದೆ. ಕೊಂಡ ಪುಸ್ತಕವನ್ನು ಓದುಗರ ಮುಂದೆ ತಂದಿಡಲು ಇಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರಲ್ಲಿ ಬಂತು. ಅಂದಿನಿಂದ ಜನ ಗ್ರಂಥಾಲಯ ಕರ ಕಟ್ಟುತ್ತಿದ್ದಾರೆ. ಆ ಕರದಲ್ಲಿ ಪತ್ತೇದಾರಿ ಓದುವವರ ಪಾಲೂ ಇದೆ, ಧಾರಾವಾಹಿ ಕಾದಂಬರಿ ಓದುವ ಗೃಹಿಣಿಯರ ಪಾಲೂ ಇದೆ.

ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ತಾವೆಲ್ಲ ಪರೀಕ್ಷೆಗೆ ಓದಿದ್ದೀರಿ. ಮೂರನೆಯದು "ಪ್ರತಿ ಪುಸ್ತಕಕ್ಕೂ ಅದರ ಓದುಗ". ಓದುಗರು ಕಪಾಟಿನ ಹತ್ತಿರ ಹೋಗಿ ಪುಸ್ತಕ ಮುಟ್ಟಿ ನೋಡುವಂತಿರಬೇಕು ಎಂದು ಅವರು ವಾದಿಸಿದ್ದು ಈ ಸೂತ್ರದ ಅಡಿಯಲ್ಲೇ. ಗ್ರಂಥಪಾಲಕರ ದಿನವೆಂದು ಆಗಸ್ಟ್ 12ರಂದು ಅವರ ಫೋಟೊಗೆ ಹಾರ ಹಾಕುತ್ತೇವೆ, ಅದೇ ಕೋಣೆಯಲ್ಲಿ ಬೀರುವಿಗೆ ಬೀಗ ಹಾಕಿರುತ್ತೇವೆ. ಇದನ್ನು ಬದಲಿಸಲು ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಏನು ಬೇಕು, ಹೇಗೆ ಮಾಡಬೇಕು, ಮಲೆನಾಡಿನಲ್ಲಿ ಎಲ್ಲಿ ಕೆಡುತ್ತದೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇವೆ. "ಆಗುವುದಿಲ್ಲ" ಎಂಬ ಉತ್ತರ ಬರಬಾರದೆಂಬ ಕಾರಣಕ್ಕೆ.

ಮೊದಲು ಬೈಂಡಿಂಗ್ ವಿಚಾರ, ಏಕೆಂದರೆ ಹೆಚ್ಚಿನ ಹಾನಿ ಆಗುತ್ತಿರುವುದು ಅಲ್ಲಿ. ಕಾದಂಬರಿಯ ಮುಖಪುಟವೇ ಅದರ ಕರೆಯೋಲೆ. ಟೋಪಿ ಹಾಕಿದ ನೆರಳು, ಮುರುಕು ಮನೆಯ ಕಿಟಕಿ, ಕುದುರೆ ಏರಿದ ಸವಾರ ಕಂಡೊಡನೆ ಒಳಗೆ ಎಂಥ ಕಥೆ ಇದೆ ಎಂದು ಓದುಗರಿಗೆ ಅರ್ಥವಾಗುತ್ತದೆ. ಗುತ್ತಿಗೆಯಲ್ಲಿ ಕಟ್ಟಿಸುವಾಗ ಈ ಮುಖಪುಟ ಕಿತ್ತು ಹೋಗುತ್ತದೆ, ಬದಲಿಗೆ ಒಂದೇ ಬಣ್ಣದ ರೆಕ್ಸಿನ್ ಬರುತ್ತದೆ. ಬೆನ್ನಿನ ಮೇಲೆ ಹೆಸರು ಬರೆದಿದ್ದರೆ ಪುಣ್ಯ. ಎಷ್ಟೋ ಸಲ ಪರಿಗ್ರಹಣ ಸಂಖ್ಯೆ, ಅಂದರೆ ಗ್ರಂಥಾಲಯದ ರಿಜಿಸ್ಟರಿನಲ್ಲಿ ಆ ಪ್ರತಿಗೆ ಕೊಟ್ಟ ಕ್ರಮಸಂಖ್ಯೆ, ಮಾತ್ರ ಇರುತ್ತದೆ. ಬೈಂಡಿಂಗ್ ಆದೇಶಕ್ಕೆ ಒಂದು ಷರತ್ತು ಸೇರಿಸಿ: ಮೂಲ ಮುಖಪುಟವನ್ನು ಜೋಪಾನವಾಗಿ ಬಿಡಿಸಿ, ಅಂಚು ಸಮ ಮಾಡಿ, ಹೊಸ ರಟ್ಟಿನ ಮೇಲೆ ಸುತ್ತ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟು ಅಂಟಿಸಬೇಕು, ಒಂದು ರಾತ್ರಿ ಭಾರದ ಕೆಳಗಿಡಬೇಕು. ಅಂಟಿನ ವಿಚಾರದಲ್ಲಿ ಎಚ್ಚರ ಬೇಕು. ಮೈದಾ ಅಂಟಿಗೆ ಬೆಳ್ಳಿಹುಳವೂ ಜಿರಳೆಯೂ ಬರುತ್ತವೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಬೈಂಡರುಗಳು ಮೈಲುತುತ್ತ ಬೆರೆಸುವುದುಂಟು. ಆದರೂ ಫೆವಿಕಾಲ್ ಬಗೆಯ ಅಂಟೇ ನಮ್ಮ ಕಡೆಗೆ ಮೇಲು. ತೆಳ್ಳಗೆ ಬಳಿಯಬೇಕು. ದಪ್ಪ ಬಳಿದರೆ ಕಾಗದ ಸುಕ್ಕುಗಟ್ಟುತ್ತದೆ.

ಈಗಾಗಲೇ ಮುಖಪುಟ ಕಳೆದುಕೊಂಡ ಪುಸ್ತಕಗಳಿಗೂ ದಾರಿ ಇದೆ. ಕನ್ನಡದ ಕಾದಂಬರಿಗಳು ಹೆಚ್ಚಾಗಿ ಡೆಮಿ ಅಷ್ಟದಳ ಅಳತೆಯವು, ಅಂದರೆ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಎ3 ಹಾಳೆ 42 ಸೆಂ.ಮೀ. ಉದ್ದ, 29.7 ಸೆಂ.ಮೀ. ಅಗಲ. ಲೆಕ್ಕ ಹಾಕಿ: ಮುಂದಿನ ಮತ್ತು ಹಿಂದಿನ ರಟ್ಟಿಗೆ 28, ಬೆನ್ನಿಗೆ 2, ಒಳಗೆ ಮಡಿಸಲು ಎರಡು ಕಡೆ ಆರಾರು. ಒಟ್ಟು 42, ಸರಿಯಾಗಿ ಒಂದು ಹಾಳೆ. ಮೇಲೆ ಕೆಳಗೆ ಉಳಿಯುವ ನಾಲ್ಕು ನಾಲ್ಕು ಸೆಂಟಿಮೀಟರನ್ನು ಒಳಕ್ಕೆ ಮಡಿಸಿದರೆ ಅಂಚು ಎರಡು ಪದರವಾಗಿ ಗಟ್ಟಿಯಾಗುತ್ತದೆ. ಹೊದಿಕೆಯ ಮೇಲೆ ಹೆಸರು, ಲೇಖಕರು, ಒಂದು ಚಿತ್ರ. ಬೆನ್ನಿನ ಮೇಲೂ ಹೆಸರು. ಊರಿನ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರನ್ನು ಕೇಳಿಕೊಂಡರೆ ಮಕ್ಕಳು ಖುಷಿಯಿಂದ ಬರೆದುಕೊಡುತ್ತಾರೆ. ಒಂದೇ ಷರತ್ತೆಂದರೆ, ಚಿತ್ರ ಬರೆಯುವ ಮಗು ಆ ಪುಸ್ತಕವನ್ನು ಓದಿರಬೇಕು, ಅಥವಾ ಓದಿದವರಿಂದ ಕಥೆ ಕೇಳಿರಬೇಕು.

ಇನ್ನು ಜಾಗದ ಲೆಕ್ಕ. ಮೂರು ಅಡಿ ಅಗಲದ ಕಪಾಟಿನ ಒಂದು ಹಂತದಲ್ಲಿ ಬೆನ್ನು ಕಾಣುವಂತೆ ಇಟ್ಟರೆ ಸುಮಾರು 45 ಕಾದಂಬರಿ ಹಿಡಿಸುತ್ತವೆ. ಮುಖ ಕಾಣುವಂತೆ ಇಟ್ಟರೆ ಆರೇ. ಜಾಗ ದಂಡ ಎಂದು ಅನ್ನಿಸುವುದು ಇದಕ್ಕೇ. ಎಲ್ಲವನ್ನೂ ಹಾಗೆ ಇಡಿ ಎಂದು ನಾವು ಕೇಳುತ್ತಿಲ್ಲ. ಸಣ್ಣ ಗ್ರಂಥಾಲಯದಲ್ಲಿ ಒಂದು ಸಲಕ್ಕೆ ಹನ್ನೆರಡು, ದೊಡ್ಡದರಲ್ಲಿ ಇಪ್ಪತ್ತು ಪುಸ್ತಕ ಸಾಕು. ಆದರೆ ಇಪ್ಪತ್ತು ಹೊರಗಿಟ್ಟರೆ ಅದೇ ಬಗೆಯ ನಲವತ್ತು ಒಳಗೆ ಸಿದ್ಧವಿರಬೇಕು. ಪ್ರದರ್ಶನ ಚೆನ್ನಾಗಿ ನಡೆದರೆ ಪುಸ್ತಕ ಹೋಗುತ್ತದೆ. ಹೋದ ಜಾಗವನ್ನು ಅಂದೇ ತುಂಬದಿದ್ದರೆ ಮೂರನೆಯ ದಿನಕ್ಕೆ ಯಾರಿಗೂ ಬೇಡವಾದ ನಾಲ್ಕು ಪುಸ್ತಕ ಉಳಿದು, ನೋಡುವವರಿಗೆ ಹಳಸಲು ಅನ್ನಿಸುತ್ತದೆ. "ಪ್ರದರ್ಶನಕ್ಕೆ ಮಾತ್ರ" ಎಂಬ ಚೀಟಿಯನ್ನಂತೂ ದಯವಿಟ್ಟು ಹಾಕಬೇಡಿ. ನೋಡಿ ಆಸೆಪಟ್ಟವರಿಗೆ ಪುಸ್ತಕ ಕೊಡದೆ ಕಳಿಸಿದರೆ ಅವರು ಎರಡನೆಯ ಸಲ ಆ ಮೇಜಿನ ಹತ್ತಿರ ಬರುವುದಿಲ್ಲ. ಗ್ರಂಥಾಲಯ ಸಪ್ತಾಹದಲ್ಲಿ ಹಾಗೆ ಆಗುವುದನ್ನು ಕಾಣುತ್ತಲೇ ಇದ್ದೇವೆ: ನವೆಂಬರ್ 14ಕ್ಕೆ ಮೇಜಿಗೆ ಬಿಳಿ ಬಟ್ಟೆ ಹಾಸಿ ಪುಸ್ತಕ ಜೋಡಿಸುತ್ತಾರೆ, ಗಣ್ಯರು ದೀಪ ಹಚ್ಚುತ್ತಾರೆ, 20ರ ಸಂಜೆಗೆ ಎಲ್ಲವೂ ಮತ್ತೆ ಬೀರುವಿಗೆ.

ಪುಸ್ತಕ ನಿಲ್ಲಿಸಲು ಸ್ಟ್ಯಾಂಡ್ ಕೊಳ್ಳಬೇಕಿಲ್ಲ. ಪಾರ್ಸೆಲ್ ಬಂದ ರಟ್ಟಿನ ಡಬ್ಬಿ ಸಾಕು. 47 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ರಟ್ಟಿನೊಳಗಿನ ಅಲೆಗಳು ಪಟ್ಟಿಯ ಉದ್ದಕ್ಕೆ ಇರಬೇಕು, ಅಡ್ಡಕ್ಕಿದ್ದರೆ ಭಾರಕ್ಕೆ ಕುಸಿಯುತ್ತದೆ. ಒಂದು ತುದಿಯಿಂದ 2, 15, 30 ಮತ್ತು 45 ಸೆಂಟಿಮೀಟರಿಗೆ ಗೆರೆ ಎಳೆದು, ಮೊಂಡು ಚಾಕುವಿನಿಂದ ಒತ್ತಿ ಮಡಿಸಿ. 5 ಸೆಂಟಿಮೀಟರಿಗೆ ಮಡಿಸದೆ ಗುರುತು ಮಾತ್ರ ಹಾಕಿ. ಕೊನೆಯ 2 ಸೆಂಟಿಮೀಟರಿನ ನಾಲಗೆಯನ್ನು ಒಳಮುಖವಾಗಿ ಆ 5ರ ಗುರುತಿಗೆ ಕೂರಿಸಿ ಅಂಟಿಸಿದರೆ ಹಿಂದೆ 15, ಮುಂದೆ 15, ತಳದಲ್ಲಿ 10 ಸೆಂಟಿಮೀಟರಿನ ತ್ರಿಕೋನ ನಿಲ್ಲುತ್ತದೆ. ಮುಂದೆ ಪುಸ್ತಕ ಕೂರಲು 3 ಸೆಂಟಿಮೀಟರಿನ ಜಗಲಿ, ಜಾರದಂತೆ 2 ಸೆಂಟಿಮೀಟರಿನ ಅಂಚು. ಪುಸ್ತಕ ಸುಮಾರು 70 ಡಿಗ್ರಿಗೆ ಒರಗುತ್ತದೆ, ಫ್ಯಾನಿನ ಗಾಳಿಗೆ ಬೀಳುವುದಿಲ್ಲ. ಎರಡೂವರೆ ಸೆಂಟಿಮೀಟರಿಗಿಂತ ದಪ್ಪದ ಪುಸ್ತಕಕ್ಕೆ ಇದು ಸಾಲದು. ಅಂಥವನ್ನು ಮೇಜಿನ ಮೇಲೆ ಮಲಗಿಸಿ ಇಡಿ. ಅಡಿಕೆ ದಬ್ಬೆಯಿಂದಲೂ ಸ್ಟ್ಯಾಂಡ್ ಮಾಡಬಹುದು, ನೋಡಲು ಚೆಂದ. ಬಿದಿರು ಬಳಸುವಿರಾದರೆ ನೀರಿನಲ್ಲಿ ನೆನೆಹಾಕಿ ಒಣಗಿಸಿದ್ದೇ ಆಗಬೇಕು. ಹಸಿ ಬಿದಿರಿಗೆ ಕುಟ್ಟೆ ಹಿಡಿದರೆ ಹಿಟ್ಟು ಪುಸ್ತಕದ ಮೇಲೇ ಉದುರುತ್ತದೆ. ಅಡಿಕೆ ಹಾಳೆ ಬೇಡ, ಜೂನ್ ಬಂದೊಡನೆ ಬೂಷ್ಟು ಕಟ್ಟಿ ಕಾಗದಕ್ಕೆ ಕಲೆ ಬಿಡುತ್ತದೆ.

ಎಲ್ಲಿ ಇಡಬೇಕು ಎಂಬುದಕ್ಕೆ ಒಂದೇ ನಿಯಮ: ಪತ್ರಿಕೆ ಓದುವವರು ಎದ್ದು ಹೊರಗೆ ಹೋಗುವ ದಾರಿಯಲ್ಲಿ, ಎರವಲು ಬರೆಯುವ ಮೇಜಿಗೆ ಕಾಣುವಂತೆ. ನಿಂತವರ ಕಣ್ಣಿನ ಮಟ್ಟ ನಾಲ್ಕರಿಂದ ಐದು ಅಡಿ. ಬೋರ್ಡಿನ ಅಕ್ಷರಗಳ ಎತ್ತರ ನಾಲ್ಕು ಸೆಂಟಿಮೀಟರಿಗೆ ಕಡಿಮೆ ಇರಬಾರದು. ಕನ್ನಡದಲ್ಲಿ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ದಪ್ಪ ಮಾರ್ಕರಿನಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಬರೆದರೆ ಒತ್ತು, ದೀರ್ಘ ಎಲ್ಲ ಕಲಸಿಹೋಗಿ ದೂರಕ್ಕೆ ಕಪ್ಪು ಮುದ್ದೆಯಂತೆ ಕಾಣುತ್ತದೆ. ಒಂದು ಬೋರ್ಡಿಗೆ ನಾಲ್ಕೈದು ಪದ ಸಾಕು. ಪುಸ್ತಕದ ಪಕ್ಕದ ಚೀಟಿಗೆ ಹಳೆಯ ಸೂಚಿ ಕಾರ್ಡುಗಳ ಬೆನ್ನನ್ನು ಬಳಸಿ. ಏಳೂವರೆ ಹನ್ನೆರಡೂವರೆ ಸೆಂಟಿಮೀಟರಿನ ಆ ಗಟ್ಟಿ ಕಾರ್ಡುಗಳು ಹಳೆಯ ಗ್ರಂಥಾಲಯಗಳಲ್ಲಿ ಡ್ರಾಯರುಗಟ್ಟಲೆ ಬಿದ್ದಿವೆ.

ಈಗ ಒಂದೊಂದು ಬಗೆಯ ಕಾದಂಬರಿಗೂ ಏನು ಮಾಡಬಹುದು ನೋಡೋಣ.

ಪತ್ತೇದಾರಿಗೆ ಕಡತವೇ ಚೆಂದ. ಕಚೇರಿಯಲ್ಲಿ ಬಳಸುವ ರಟ್ಟಿನ ಫೈಲು, ಕೆಂಪು ಲಾಡಿ. ಮೇಲೆ "ಪ್ರಕರಣ", ಒಳಗೆ ಮೂರು ಚೀಟಿ: ದೂರು ಏನು, ಸ್ಥಳ ಎಲ್ಲಿ, ಯಾರ ಮಾತು ನಂಬುವಂತಿಲ್ಲ. ಕೊಲೆಗಾರ ಯಾರೆಂಬ ಸುಳಿವು ಮಾತ್ರ ಸೋರಬಾರದು. ಆದ್ದರಿಂದ ಮೊದಲ ಎರಡು ಅಧ್ಯಾಯ ದಾಟಿ ಏನನ್ನೂ ಬರೆಯಬೇಡಿ. ಹಿಂದೆ ಸಾಫ್ಟ್‌ಬೋರ್ಡಿನ ಮೇಲೆ ಜಿಲ್ಲೆಯ ನಕ್ಷೆ ಹಾಕಿ, ಮಲೆನಾಡಿನಲ್ಲಿ ನಡೆಯುವ ಕಾದಂಬರಿಗಳಿಂದ ಆಗುಂಬೆ ಘಾಟಿಗೆ, ಶರಾವತಿ ಹಿನ್ನೀರಿಗೆ, ತುಂಗೆಯ ದಡಕ್ಕೆ ಕೆಂಪು ಉಲ್ಲನ್ ದಾರ ಎಳೆಯಿರಿ. ತಮ್ಮ ಊರಿನ ಹೆಸರಿಗೆ ದಾರ ಕಂಡವರು ಹತ್ತಿರ ಬಂದೇ ಬರುತ್ತಾರೆ. ಒಂದು ಮಾತು ಕಟ್ಟುನಿಟ್ಟಾಗಿ: ನಿಜವಾದ ಅಪರಾಧದ ಪತ್ರಿಕಾ ತುಣುಕುಗಳನ್ನು ಅಲಂಕಾರಕ್ಕೆ ಅಂಟಿಸಬಾರದು. ನಮ್ಮವು ಸಣ್ಣ ಊರುಗಳು. ಕೊಲೆಯಾದವರ ಅಣ್ಣನೋ ತಂಗಿಯೋ ಅದೇ ಮೇಜಿನಲ್ಲಿ ಪತ್ರಿಕೆ ಓದುತ್ತಿರಬಹುದು. ನೆಲದ ಮೇಲೆ ಹೆಣದ ಗುರುತು ಬರೆಯುವುದು, ಕೆಂಪು ಬಣ್ಣ ಚೆಲ್ಲುವುದು ಕೂಡ ಬೇಡ. ಮಕ್ಕಳು ಓಡಾಡುವ ಜಾಗ ಅದು.

ಭಯಾನಕ ಕಾದಂಬರಿಗಳ ವಿಚಾರದಲ್ಲಿ ಇನ್ನೂ ಹೆಚ್ಚಿನ ವಿವೇಕ ಬೇಕು. ಬೇರೆ ಊರಿನ ಚಿತ್ರ ನೋಡಿ ತಲೆಬುರುಡೆ, ಹರಿದ ಸೀರೆ, ಕುಂಕುಮ ನಿಂಬೆಹಣ್ಣು ಜೋಡಿಸುವ ಆಸೆ ಬರುತ್ತದೆ. ಮಲೆನಾಡಿನಲ್ಲಿ ಚೌಡಿ, ಪಂಜುರ್ಲಿ, ಜಟ್ಟಿಗ, ಭೂತ ಇವೆಲ್ಲ ಜನ ಹರಕೆ ಹೊತ್ತು ನಡೆದುಕೊಳ್ಳುವ ದೈವಗಳು. ಚೌಡಿ ಬನದ ಕಲ್ಲನ್ನೋ ನಾಗಬನವನ್ನೋ ಹೆದರಿಕೆಯ ಹಿನ್ನೆಲೆಯಾಗಿ ಬರೆದರೆ ಎದುರಿನ ಓದುಗರ ಮನಸ್ಸಿಗೆ ನೋವಾಗುತ್ತದೆ, ಜಗಳವೂ ಆಗುತ್ತದೆ, ಆಗ ಇಡೀ ಪ್ರದರ್ಶನವನ್ನೇ ತೆಗೆಯಬೇಕಾಗುತ್ತದೆ. ಹೆದರಿಕೆಗೆ ಬೇರೆ ಸಾಮಗ್ರಿ ಬೇಕಾದಷ್ಟಿದೆ. ಕಪ್ಪು ಚಾರ್ಟಿನಲ್ಲಿ ಹಳೆಯ ತೊಟ್ಟಿ ಮನೆಯೊಂದರ ಮುಂಭಾಗ ಕತ್ತರಿಸಿ, ಕಿಟಕಿಗಳನ್ನು ಬಾಗಿಲಿನಂತೆ ತೆರೆಯಲು ಬರುವ ಹಾಗೆ ಮಾಡಿ. ಒಂದೊಂದು ಕಿಟಕಿ ತೆರೆದಾಗಲೂ ಒಂದೊಂದು ಪುಸ್ತಕದ ಮೊದಲ ಪುಟದ ಸನ್ನಿವೇಶ ಎರಡು ಸಾಲಿನಲ್ಲಿ ಇರಲಿ. ಜೊತೆಗೆ "ಹಗಲಿನಲ್ಲೂ ಓದಬಹುದು", "ಒಬ್ಬರೇ ಇರುವಾಗ ಬೇಡ", "ಹೆದರಿಕೆ ಕಡಿಮೆ, ಬೇಸರ ಇಲ್ಲ" ಎಂಬಂತೆ ಹೆದರಿಕೆಯ ಮಟ್ಟವನ್ನು ಚೀಟಿಯಲ್ಲಿ ಹೇಳಿದರೆ ಹೊಸಬರಿಗೆ ಆಯ್ಕೆ ಸುಲಭ. ಮೇಣದಬತ್ತಿ, ಊದುಬತ್ತಿ, ಎಣ್ಣೆ ದೀಪ ಯಾವುದನ್ನೂ ಹಚ್ಚಬಾರದು. ಕತ್ತಲೆಯ ವಾತಾವರಣಕ್ಕೆಂದು ಬಲ್ಬು ಆರಿಸಿದರೆ ಹೆಸರೇ ಓದಲಾಗದು. ಮೊದಲೇ ಆಷಾಢದ ಮಧ್ಯಾಹ್ನ ನಮ್ಮಲ್ಲಿ ಸಂಜೆಯ ಹಾಗಿರುತ್ತದೆ, ಕರೆಂಟೂ ಹೋಗಿರುತ್ತದೆ.

ಐತಿಹಾಸಿಕಕ್ಕೆ ಈ ಜಿಲ್ಲೆಯಷ್ಟು ಅನುಕೂಲದ ಜಾಗ ಇಲ್ಲ. ಎಂಟು ಅಡಿ ನೈಲಾನ್ ದಾರ ಕಟ್ಟಿ, ನೂರು ವರ್ಷಕ್ಕೆ ಅರ್ಧ ಅಡಿಯಂತೆ ಗುರುತು ಮಾಡಿದರೆ ಕ್ರಿ.ಶ. 300ರಿಂದ 1900ರವರೆಗೆ ಸರಿಯಾಗಿ ಹಿಡಿಸುತ್ತದೆ. ತಾಳಗುಂದದ ಸ್ತಂಭ ಶಾಸನದ ಕದಂಬರು ಎಡತುದಿಯಲ್ಲಿ. ಕೆಳದಿ, ಇಕ್ಕೇರಿ, ಬಿದನೂರು ಎಂದು ಮೂರು ರಾಜಧಾನಿ ಕಂಡ ನಾಯಕರು ಬಲಕ್ಕೆ. ಕೆಳದಿಯ ರಾಣಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ 1689. ಹೈದರ್ ಅಲಿ ಬಿದನೂರು ಹಿಡಿದ 1763. ಕಥೆ ನಡೆಯುವ ಕಾಲಕ್ಕೆ ತಕ್ಕಂತೆ ಪುಸ್ತಕದ ಹೆಸರಿನ ಕಾರ್ಡನ್ನು ದಾರಕ್ಕೆ ಸಿಕ್ಕಿಸಿ, ಪುಸ್ತಕಗಳನ್ನು ಕೆಳಗಿಡಿ. ಪಕ್ಕದಲ್ಲೇ ಆ ಕಾಲದ ಇತಿಹಾಸ ಗ್ರಂಥವೊಂದನ್ನೂ ಇಟ್ಟರೆ ಪರೀಕ್ಷೆಗೆ ಓದುವವರೂ ಕಾದಂಬರಿ ಮುಟ್ಟುತ್ತಾರೆ. ವಿಜ್ಞಾನ ಕಾದಂಬರಿಗೂ ಇದೇ ಉಪಾಯ: ಎಡಕ್ಕೆ "ಆಗಿದೆ", ಬಲಕ್ಕೆ "ಇನ್ನೂ ಆಗಿಲ್ಲ" ಎಂದು ಎರಡು ಪಟ್ಟಿ. ಚಂದ್ರಯಾನ-3 ಚಂದ್ರನ ಮೇಲೆ ಇಳಿದ 2023ರ ಆಗಸ್ಟ್ 23 ಎಡಕ್ಕೆ ಬರುತ್ತದೆ, ಕಾದಂಬರಿಗಳು ಬಲಕ್ಕೆ.

ಸಾಂಸಾರಿಕ ಮತ್ತು ಪ್ರೇಮ ಕಾದಂಬರಿಗಳ ಬಗ್ಗೆ ಬರೆಯುವಾಗ ನಮಗೆ ಬೇಸರವೂ ಆಗುತ್ತದೆ. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು, ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗಿ, ಮನೆಮನೆಯಲ್ಲಿ ಕನ್ನಡದ ಓದನ್ನು ಉಳಿಸಿದ ಪುಸ್ತಕಗಳಿವು. ಆ ಬಾಡಿಗೆ ಅಂಗಡಿಗಳು ಬಹಳ ಊರುಗಳಲ್ಲಿ ಮುಚ್ಚಿವೆ. ಅವುಗಳ ಓದುಗರಿಗೆ ಇನ್ನು ಉಳಿದಿರುವುದು ಸರ್ಕಾರಿ ಗ್ರಂಥಾಲಯ ಮಾತ್ರ. ಅಲ್ಲಿ ಈ ಪುಸ್ತಕಗಳು ಕೆಳಗಿನ ಹಂತದಲ್ಲಿ, ಬಗ್ಗಿ ಕೂತು ನೋಡಬೇಕಾದ ಜಾಗದಲ್ಲಿ ಇರುತ್ತವೆ. ಕೇಳಿದರೆ "ಟೈಂಪಾಸ್ ಪುಸ್ತಕ" ಎಂಬ ಉತ್ತರ. ಐವತ್ತು ದಾಟಿದ, ಮಂಡಿ ನೋವಿನ ಹೆಂಗಸರೇ ಇವುಗಳ ಮುಖ್ಯ ಓದುಗರು ಎಂಬುದನ್ನು ಯಾರಾದರೂ ಯೋಚಿಸಿದ್ದಾರೆಯೇ? ಇವನ್ನು ಸೊಂಟದ ಮೇಲಿನ ಹಂತಕ್ಕೆ ತನ್ನಿ. "ಇದು ಹಿಡಿಸಿದ್ದರೆ ಇದನ್ನೂ ಓದಿ" ಎಂದು ಎರಡೆರಡು ಪುಸ್ತಕ ಜೋಡಿಸಿಡಿ, ಜೋಡಿಯನ್ನು ಓದುಗರಿಂದಲೇ ಕೇಳಿ ಬರೆಯಿರಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅವರಿಗೆ ಪುಸ್ತಕ ಮರಳಿಸಲು ಹೆಚ್ಚಿನ ದಿನ ಕೊಡಿ. ರಾತ್ರಿ ಸುಲಿಯಲು ಕೂತವರು ಹದಿನೈದು ದಿನದಲ್ಲಿ ಮುನ್ನೂರು ಪುಟ ಮುಗಿಸುವುದು ಕಷ್ಟ.

ಕಾಗದ ಸುತ್ತಿದ ಗುಟ್ಟಿನ ಪುಸ್ತಕದ ಪ್ರಯೋಗವೂ ಜನರನ್ನು ಸೆಳೆಯುತ್ತದೆ. ಖಾಕಿ ಕಾಗದದಲ್ಲಿ ಪೂರ್ತಿ ಸುತ್ತಿ, ಮೇಲೆ ನಾಲ್ಕು ಸುಳಿವು ಬರೆಯಿರಿ: ಯಾವ ಬಗೆ, ಎಷ್ಟು ಪುಟ, ಎಲ್ಲಿ ನಡೆಯುತ್ತದೆ, ಕೊನೆ ಸುಖದ್ದೋ ಅಲ್ಲವೋ. ಪರಿಗ್ರಹಣ ಸಂಖ್ಯೆಯನ್ನು ಹೊರಗೆ ಮೂಲೆಯಲ್ಲಿ ಬರೆಯಲು ಮರೆತರೆ ಎರವಲು ಬರೆಯಲು ಕಾಗದ ಹರಿಯಬೇಕಾಗುತ್ತದೆ, ಅಲ್ಲಿಗೆ ಗುಟ್ಟು ಮುಗಿಯಿತು. ದಿನಪತ್ರಿಕೆಯಲ್ಲಿ ಸುತ್ತಬೇಡಿ, ಶಾಯಿ ಹತ್ತುತ್ತದೆ. ರಬ್ಬರ್ ಬ್ಯಾಂಡ್ ನಮ್ಮ ಹವೆಗೆ ಕರಗಿ ಅಂಟಿಕೊಳ್ಳುತ್ತದೆ, ನೂಲಿನ ದಾರ ಇರಲಿ. ಹತ್ತಕ್ಕಿಂತ ಹೆಚ್ಚು ಬೇಡ. ಹಿರಿಯ ಓದುಗರಿಗೆ ಹೆಸರು ನೋಡದೆ ಪುಸ್ತಕ ಒಯ್ಯುವುದು ಹಿಡಿಸುವುದಿಲ್ಲ, ಅವರ ಪಾಲಿಗೆ ಮಾಮೂಲು ಕಪಾಟು ಇದ್ದೇ ಇರಬೇಕು.

ಪ್ರದರ್ಶನ ಮುಗಿದ ಮೇಲೂ ಗುರುತು ಉಳಿಯಬೇಕೆಂದರೆ ಬೆನ್ನಿನ ಮೇಲೆ ಬಣ್ಣದ ಚೀಟಿ ಬೇಕು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ದಶಾಂಶ ವರ್ಗೀಕರಣದಲ್ಲಿ ಕನ್ನಡ ಕಾದಂಬರಿಗಳೆಲ್ಲ 894.8143ರ ಅಡಿಯಲ್ಲೇ ಬರುತ್ತವೆ. ಆ ಸಂಖ್ಯೆಗೆ ಪತ್ತೇದಾರಿಯೂ ಒಂದೇ, ಪ್ರೇಮವೂ ಒಂದೇ. ಸಂಖ್ಯೆ ಬದಲಿಸುವ ಅಗತ್ಯವಿಲ್ಲ. ಅದರ ಮೇಲೆ ಎರಡು ಸೆಂಟಿಮೀಟರಿನ ಬಣ್ಣದ ಪಟ್ಟಿ ಅಂಟಿಸಿ, ಬಣ್ಣಗಳ ಅರ್ಥವನ್ನು ಬೀರುವಿನ ಬಾಗಿಲಿಗೆ ಬರೆದು ಹಾಕಿದರೆ ಸಾಕು. ಎರಡು ಬಗೆಗೆ ಸೇರುವ ಪುಸ್ತಕಗಳಿಗೆ ಎರಡು ಪಟ್ಟಿ ಇರಲಿ. ತೇಜಸ್ವಿಯವರ 'ಕರ್ವಾಲೊ'ವನ್ನು ವಿಜ್ಞಾನ ಎನ್ನಬೇಕೋ ಸಾಹಸ ಎನ್ನಬೇಕೋ ಎಂದು ತರ್ಕ ಮಾಡುತ್ತ ಕೂರುವ ಬದಲು, ಎರಡನ್ನೂ ಹುಡುಕಿಕೊಂಡು ಬಂದವರ ಕೈಗೆ ಅದು ಸಿಕ್ಕರೆ ಸಾಕಲ್ಲವೇ? ಪಟ್ಟಿಯ ಮೇಲೆ ಸೆಲ್ಲೋ ಟೇಪ್ ಮಾತ್ರ ಬೇಡ. ಹಳದಿಯಾಗಿ, ಅಂಟು ಹೊರಬಂದು, ಪಕ್ಕದ ಪುಸ್ತಕಕ್ಕೆ ಹತ್ತಿಕೊಳ್ಳುತ್ತದೆ.

ಮಳೆಗಾಲದ ಮಾತು ಪ್ರತ್ಯೇಕವಾಗಿ ಹೇಳಲೇಬೇಕು. ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಬರುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗಿಳಿಯುವ ದಿನಗಳು ಅಪರೂಪ. ಆದ್ದರಿಂದ ಪ್ರದರ್ಶನದ ಮೇಜನ್ನು ಮಳೆ ಹೊಡೆಯುವ ಪಡುವಣ ಗೋಡೆಗೆ ತಾಗಿಸಬಾರದು, ಯಾವ ಗೋಡೆಯೇ ಆದರೂ ನಾಲ್ಕು ಇಂಚು ಅಂತರ ಬೇಕು. ಮೇಜಿಗೆ ಹಾಸಿದ ಬಟ್ಟೆಯನ್ನು ವಾರಕ್ಕೊಮ್ಮೆ ತೆಗೆದು ಒಣಗಿಸಬೇಕು. ಬೂಷ್ಟು ಕಂಡ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೆಚ್ಚಾಗುತ್ತದೆ. ಬೇರೆಯಾಗಿಟ್ಟು, ಫ್ಯಾನಿನಡಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗಡೆ ಮೆದು ಬ್ರಷ್‌ನಿಂದ ಝಾಡಿಸಬೇಕು. ನುಸಿಗುಳಿಗೆಯಿಂದ ಬೂಷ್ಟು ನಿಲ್ಲುವುದಿಲ್ಲ, ವಾಸನೆಗೆ ಓದುಗರ ತಲೆ ನೋಯುತ್ತದೆ ಅಷ್ಟೇ. ಮುಚ್ಚಿದ ಬೀರುವಿನಲ್ಲಿ ಗಾಳಿ ಆಡದೆ ಬೂಷ್ಟು ಇನ್ನೂ ಬೇಗ ಹಿಡಿಯುತ್ತದೆ ಎಂಬುದನ್ನೂ ಗಮನಿಸಿ. ಪುಸ್ತಕದ ರಕ್ಷಣೆಗೆಂದು ಹಾಕಿದ ಬೀಗವೇ ಅದಕ್ಕೆ ಶತ್ರುವಾಗುತ್ತಿದೆ.

ಇಷ್ಟೆಲ್ಲ ಮಾಡಿ ಫಲ ಬಂತೇ ಎಂದು ನೋಡುವುದು ಹೇಗೆ? ಪ್ರದರ್ಶನಕ್ಕಿಟ್ಟ ಇಪ್ಪತ್ತು ಪುಸ್ತಕಗಳ ಪಟ್ಟಿ ಮಾಡಿ. ಅದೇ ಬಗೆಯ ಇನ್ನಿಪ್ಪತ್ತನ್ನು ಮಾಮೂಲು ಕಪಾಟಿನಲ್ಲೇ ಬಿಟ್ಟು ಅವುಗಳ ಪಟ್ಟಿಯನ್ನೂ ಮಾಡಿ. ಒಂದು ತಿಂಗಳು ಕಳೆದ ಮೇಲೆ ಎರಡೂ ಪಟ್ಟಿಯ ಡೇಟ್ ಸ್ಲಿಪ್‌ಗಳ ಮೊಹರು ಎಣಿಸಿ. ಹಿಂದಿನ ತಿಂಗಳಿಗೆ ಹೋಲಿಸಿದರೆ ಪರೀಕ್ಷೆ, ಕೊಯ್ಲು, ಮಳೆ ಎಲ್ಲವೂ ಲೆಕ್ಕ ಕೆಡಿಸುತ್ತವೆ. ಅದೇ ತಿಂಗಳಿನ ಎರಡು ಪಟ್ಟಿ ಸುಳ್ಳು ಹೇಳುವುದಿಲ್ಲ.

ಈಗ ಎಲ್ಲರ ಮನಸ್ಸಿನಲ್ಲಿರುವ ಭಯ: ಹೊರಗಿಟ್ಟ ಪುಸ್ತಕ ಕಳೆದರೆ ಯಾರು ಹೊಣೆ? ಕಡಿಮೆ ಸಂಬಳದ ಮೇಲ್ವಿಚಾರಕರಿಗೆ ತಮ್ಮ ಕೈಯಿಂದ ವಸೂಲಾಗುವ ಹೆದರಿಕೆ ಇರುವವರೆಗೆ ಬೀಗ ತೆಗೆಯುವುದಿಲ್ಲ, ತೆಗೆಯಿರಿ ಎಂದು ಹೇಳುವುದು ನ್ಯಾಯವೂ ಅಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017ರ 215ನೆಯ ನಿಯಮವನ್ನು ತಾವು ನೋಡಬೇಕು. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದರವರೆಗಿನ ನಷ್ಟ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲದಿದ್ದರೆ, ಸಹಜ ಎಂದು ಆ ನಿಯಮ ಒಪ್ಪುತ್ತದೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ಪ್ರತ್ಯೇಕವಾಗಿ ವಿಚಾರಣೆ. ಆ ನಿಯಮಗಳು ಕೇಂದ್ರದ ಕಚೇರಿಗಳಿಗೆ ಸೇರಿದವು, ಆದರೆ ಮಾದರಿಯಾಗಿ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಕಾದಂಬರಿಗಳು ಬಹುಪಾಲು ಸಾವಿರ ರೂಪಾಯಿಯ ಒಳಗಿನವೇ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು ಇವು. ಕಾದಂಬರಿಯ ಬೀರುಗಳನ್ನು ಕೆಲಸದ ವೇಳೆಯಲ್ಲಿ ತೆರೆದಿಡಲು, ಮತ್ತು ಸಹಜ ನಷ್ಟಕ್ಕೆ ಸಿಬ್ಬಂದಿಯಿಂದ ವಸೂಲಿ ಮಾಡುವುದಿಲ್ಲವೆಂದು, ಲಿಖಿತ ಆದೇಶ ಕೊಡಿ. ಬಾಯಿ ಮಾತು ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ. ಬೈಂಡಿಂಗ್ ಗುತ್ತಿಗೆಯಲ್ಲಿ ಮುಖಪುಟ ಉಳಿಸುವ ಷರತ್ತು ಸೇರಿಸಿ, ಪಾಲಿಸದ ಬಿಲ್ಲು ತಡೆಹಿಡಿಯಿರಿ. ಪ್ರತಿ ಗ್ರಂಥಾಲಯದಲ್ಲಿ ವರ್ಷವಿಡೀ ಒಂದು ಮೇಜು ಅಥವಾ ಒಂದು ಹಂತ ಪ್ರದರ್ಶನಕ್ಕೆ ಮೀಸಲಿರಲಿ, ಮೂರು ನಾಲ್ಕು ವಾರಕ್ಕೊಮ್ಮೆ ಬಗೆ ಬದಲಾಗಲಿ, ಅಂಟು, ಕಾಗದ, ದಾರದ ಖರ್ಚನ್ನು ಸಾದಿಲ್ವಾರಿನಲ್ಲಿ (ಕಚೇರಿಯ ಚಿಲ್ಲರೆ ಖರ್ಚಿನ ಲೆಕ್ಕದಲ್ಲಿ) ಮಂಜೂರು ಮಾಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಒಂದೇ ಬಗೆಯ ಇಪ್ಪತ್ತು ಪುಸ್ತಕ ಇರುವುದಿಲ್ಲ; ತಾಲ್ಲೂಕು ಕೇಂದ್ರದಿಂದ ಒಂದು ಪೆಟ್ಟಿಗೆಯಲ್ಲಿ ಪುಸ್ತಕ, ಸ್ಟ್ಯಾಂಡು, ಚೀಟಿ ಎಲ್ಲ ತುಂಬಿ ಪಂಚಾಯಿತಿಯಿಂದ ಪಂಚಾಯಿತಿಗೆ ಸುತ್ತಿಸಿ. ಈಗ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿರುವುದರಿಂದ ಎರಡು ಇಲಾಖೆಗಳ ಅಧಿಕಾರಿಗಳು ಒಮ್ಮೆ ಕೂತು ಮಾತಾಡಿದರೆ ಆಗುವ ಕೆಲಸ ಇದು. ಪುಸ್ತಕ ಆಯ್ಕೆ ಮಾಡುವವರು ಪ್ರಶಸ್ತಿಯ ಪಟ್ಟಿಯ ಜೊತೆಗೆ ಓದುಗರ ಬೇಡಿಕೆ ಪುಸ್ತಕವನ್ನೂ ತೆರೆದು ನೋಡಬೇಕು, ಹೊಸದಾಗಿ ಬರೆಯುತ್ತಿರುವ ಪತ್ತೇದಾರಿ ಮತ್ತು ವಿಜ್ಞಾನ ಕಾದಂಬರಿಕಾರರನ್ನೂ ಕೊಳ್ಳಬೇಕು. ಹೊರಗಿಡಲು ಹಳೆಯದಷ್ಟೇ ಇದ್ದರೆ ಕಾಲೇಜಿನ ಹುಡುಗರು ಹತ್ತಿರ ಸುಳಿಯುವುದಿಲ್ಲ.

ಬರುವ ನವೆಂಬರ್ 14ರ ಸಪ್ತಾಹದೊಳಗೆ ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲಿ ಒಂದು ಗ್ರಂಥಾಲಯವನ್ನಾದರೂ ಆರಿಸಿ ಇದನ್ನು ಆರಂಭಿಸಿ, 20ಕ್ಕೆ ತೆಗೆಯದೆ ಡಿಸೆಂಬರ್ ಕೊನೆಯವರೆಗೆ ನಡೆಸಿ, ಎರಡೂ ಪಟ್ಟಿಯ ಎರವಲು ಲೆಕ್ಕವನ್ನು ಜನವರಿಯಲ್ಲಿ ಸೂಚನಾ ಫಲಕಕ್ಕೆ ಹಾಕಬೇಕೆಂದು ಕೋರುತ್ತೇವೆ. ಸ್ಟ್ಯಾಂಡ್ ಕತ್ತರಿಸಲು, ಹೊದಿಕೆ ಬರೆಯಲು, ಚೀಟಿ ತಯಾರಿಸಲು ಕರೆದ ದಿನ ನಾವು ಬರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಶಿವಮೊಗ್ಗ ಜಿಲ್ಲೆಯ ಕಾದಂಬರಿ ಓದುಗರು ಮತ್ತು ಗ್ರಂಥಾಲಯದ ಕೆಲಸ ಬಲ್ಲವರು